ಡಿಸೆಂಬರಿನ ನೆರಳು, ಮೇ ತಿಂಗಳ ಪತ್ರಾ

2023ರ ಜನವರಿಯಲ್ಲಿ ನಾನು ಬೇಲಾಪುರದ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದರೆ ಕಟ್ಟಡ ಕಟ್ಟುವವನು ಅನ್ನಿಸಬಹುದು. ನಿಜದಲ್ಲಿ ಬೇರೆಯವರು ಬರೆದ ನಕ್ಷೆಗೆ ಬಣ್ಣ ತುಂಬುವುದು, ಅದರಲ್ಲಿ ಎಂದೂ ಬೆಳೆಯದ ಮರಗಳನ್ನು ಅಂಟಿಸುವುದು ನನ್ನ ಕೆಲಸ. ನನ್ನ ಇನ್ನೊಂದು ಅರ್ಹತೆ ಬಯೋಡೇಟಾದಲ್ಲಿ ಇರಲಿಲ್ಲ. ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಹಾಗೇ ಮಾತಾಡಿ ತೋರಿಸುತ್ತಿದ್ದೆ. ಅಪ್ಪ ಉಡುಪಿ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಕೂತವರು. ಮನೆ ವಿಠ್ಠಲವಾಡಿಯಲ್ಲಿ, ಅಕ್ಕಪಕ್ಕದಲ್ಲಿ ಕಲಬುರಗಿಯ ಹಮಾಲರು. ಕಲಿತದ್ದು ಮರಾಠಿ ಶಾಲೆಯಲ್ಲಿ. ಹೀಗಾಗಿ ಎಲ್ಲರ ಕನ್ನಡವೂ ನನ್ನ ಬಾಯಲ್ಲಿತ್ತು, ನನ್ನ ಕನ್ನಡ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಫೋನೆತ್ತಿದರೆ ಅಮ್ಮ ಮೊದಲು ಕೇಳುವುದೇ, "ಇವತ್ತು ಯಾರಾಗಿ ಮಾತಾಡ್ತಿದ್ದಿ?" ಎಂದು.

ಆ ವರ್ಷ ಕಚೇರಿಗೆ ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೊಂಬತ್ತು ಮಹಡಿಯ ವಸತಿ ಕಟ್ಟಡದ ಕೆಲಸ ಬಂತು. ಮುಚ್ಚಿಹೋದ ಒಂದು ಕಾರ್ಖಾನೆಯ ಜಾಗ ಅದು. ಅದರ ಉತ್ತರಕ್ಕೆ ನಾಲ್ಕು ಮಹಡಿಯ ಹಳೆಯ ಹೌಸಿಂಗ್ ಸೊಸೈಟಿ, ವಾಯವ್ಯಕ್ಕೆ ಕಲಬುರಗಿ ಕಡೆಯವರೇ ಹೆಚ್ಚಾಗಿರುವ ಒಂದು ಚಾಳು, ಅಂದರೆ ಒಂದಕ್ಕೊಂದು ಅಂಟಿದ ಸಣ್ಣ ಮನೆಗಳ ಸಾಲು. ಚಾಳಿನ ಸೂರೆಲ್ಲ ತಗಡಿನ ಶೀಟು. ಇಲ್ಲಿ ಅದಕ್ಕೆ ಪತ್ರಾ ಎನ್ನುತ್ತಾರೆ. ಸುತ್ತಲಿನವರು ಆಮೇಲೆ ತಕರಾರು ತೆಗೆದು ಫೈಲು ನಿಲ್ಲದಿರಲಿ ಎಂದು ಬಿಲ್ಡರ್ ಮೊದಲೇ ಅವರ ಸಭೆ ಕರೆಯಲು ಒಪ್ಪಿದ್ದ. ನಮ್ಮ ಮೇಡಂ ಮರಾಠಿಯವರು. ಸಭೆಗೆ ನನ್ನನ್ನು ಆರಿಸಿದ್ದು ಪ್ರತಿಭೆ ನೋಡಿ ಎಂದು ನಾನು ತಿಳಿದಿದ್ದೆ. "ನಿನಗೆ ಕನ್ನಡ ಬರುತ್ತದಲ್ಲ, ನಡಿ" ಎಂದಷ್ಟೇ ಅವರು ಹೇಳಿದ್ದು.

ನಾನು ಹೊತ್ತೊಯ್ದದ್ದು ಶ್ಯಾಡೋ ಸ್ಟಡಿ ಎಂಬ ನಕ್ಷೆಯನ್ನು. ಎತ್ತರದ ಕಟ್ಟಡ ಎದ್ದರೆ ಅದರ ನೆರಳು ಯಾವ ಹೊತ್ತಿಗೆ ಯಾರ ಮೇಲೆ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬೂದು ಬಣ್ಣದಲ್ಲಿ ತೋರಿಸುವ ಪದ್ಧತಿ ಅದು. ನೆರಳು ಅತಿ ಉದ್ದ ಇರುವ ದಿನವನ್ನೇ ಸಾಮಾನ್ಯವಾಗಿ ತೋರಿಸುತ್ತೇವೆ, ಅಂದರೆ ಡಿಸೆಂಬರ್ 21. ಆ ತಾರೀಕು ನಕ್ಷೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು. ಅದನ್ನು ಯಾರೂ ಓದಲಿಲ್ಲ. ಬರೆದ ನಾನೂ ಓದಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಶಾಲೆಯ ಹಾಲಿನಲ್ಲಿ ಮೊದಲ ಸಭೆ. ನಕ್ಷೆ ತೂಗುಹಾಕುತ್ತಿದ್ದಂತೆ ಸೊಸೈಟಿಯ ವಾರಿಜಕ್ಕ ಎದ್ದರು. ಗಂಡ ಹೋಟೆಲ್ ಕೆಲಸ ಬಿಟ್ಟು ಮನೆ ಹಿಡಿದ ಮೇಲೆ ಅವರ ಇಬ್ಬರು ಮಕ್ಕಳ ಕಾಲೇಜು ನಡೆಯುತ್ತಿದ್ದದ್ದು ಸೊಸೈಟಿಯ ಟೆರೇಸಿನ ಮೇಲೆ. ಅಲ್ಲಿ ಅವರು ಹಪ್ಪಳ, ಬಾಳಕ ಮೆಣಸು ಒಣಗಿಸಿ ದೂರದ ಘೋಡಬಂದರ್ ರಸ್ತೆಯ ಹೋಟೆಲುಗಳವರೆಗೂ ಕೊಡುತ್ತಿದ್ದರು.

"ಇದೆಂತ ಮಾರಾಯ, ನಮ್ಮ ಟೆರೇಸಿನ ಮೇಲೆ ಮಸಿ ಬಳಿದದ್ದು?"

"ಅದು ನೆರಳು ಅಕ್ಕಾ."

"ನೆರಳು ಬಿದ್ದರೆ ನನ್ನ ಹಪ್ಪಳ ಎಲ್ಲಿ ಒಣಗಿಸುವುದು? ನಿನ್ನ ತಲೆ ಮೇಲಾ?"

ಇದನ್ನು ನಾನು ಮೇಡಂಗೆ ಮರಾಠಿಯಲ್ಲಿ ಹೇಳಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಚಾಳಿನ ಶರಣಮ್ಮ ಎದ್ದರು. ಇಪ್ಪತ್ತು ವರ್ಷ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತಿದ್ದವರು.

"ಅವ್ರಿಗಿ ಬ್ಯಾಡಂದ್ರ ಆ ಕರೀದು ನಮ್ಮ ಕಡಿ ಸರಸ್ರಿ. ಬ್ಯಾಸಗ್ಯಾಗ ನಮ್ಮ ಪತ್ರಾ ಹ್ಯಾಂಗ ಕಾಯ್ತದ ಗೊತ್ತದೇನು? ಮ್ಯಾಲ ರೊಟ್ಟಿ ಬಡದ್ರ ಬೆಂಕಿ ಇಲ್ದೇ ಬೇಯ್ತದ. ಒಳಗ ಮೊಮ್ಮಕ್ಕಳು ಕುದೀತಾವ."

ನೆರಳು ಬೇಡ ಎನ್ನುವವರನ್ನು ಮೇಡಂ ನೋಡಿದ್ದರು. ನೆರಳು ಕೊಡಿ ಎಂದು ಕೇಳುವವರನ್ನು ಅವರು ಅಂದೇ ಮೊದಲು ನೋಡಿದ್ದು. ನನ್ನತ್ತ ಬಗ್ಗಿ, "ಕಾಯ್ ರೇ ಸುಧೀರ, ಇವರಿಗೆ ನೆರಳು ಬೇಕಾ, ಬೇಡವಾ? ಏನಾದರೂ ಒಂದು ಹೇಳು" ಎಂದರು. ಎರಡೂ ಹೌದು ಎಂದೆ. ಅವರು ಪೆನ್ನು ಕೆಳಗಿಟ್ಟರು.

ಮರುದಿನ ಕಚೇರಿಯಲ್ಲಿ ಉಪಾಯ ಹೊಳೆಯಿತು. ಕಟ್ಟಡವನ್ನು ಜಾಗದ ಪಶ್ಚಿಮದ ಅಂಚಿಗೆ ಸರಿಸಿದರೆ ನೆರಳು ವಾರಿಜಕ್ಕನ ಟೆರೇಸು ಬಿಟ್ಟು ಚಾಳಿನ ಮೇಲೆ ಬೀಳುತ್ತದೆ. ಬೇಡ ಎಂದವರಿಗೆ ಇಲ್ಲ, ಬೇಕು ಎಂದವರಿಗೆ ಉಂಟು. ಇದಕ್ಕಿಂತ ಸುಲಭದ ನ್ಯಾಯ ಇನ್ನೊಂದಿಲ್ಲ ಎನ್ನಿಸಿತು. ಊಟದ ಹೊತ್ತಿನಲ್ಲಿ ನಾನು ಇಬ್ಬರು ಹೆಂಗಸರ ಜಗಳವನ್ನೂ ಮೇಡಂ ಪೆನ್ನು ಇಟ್ಟ ಶೈಲಿಯನ್ನೂ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಮೇಡಂ ಮಾತ್ರ ನಗಲಿಲ್ಲ. ಚಾಳಿನವರ ಒಪ್ಪಿಗೆಯ ಸಹಿ ತರುವ ಕೆಲಸ ನನಗೆ ಬಂದದ್ದು ಹೀಗೆ.

ನಕ್ಷೆ ತಿದ್ದಿ ಮುಗಿಯುವಾಗ ಮೇ ತಿಂಗಳು. ಮಧ್ಯಾಹ್ನ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿ ಶರಣಮ್ಮನ ಬಾಗಿಲಲ್ಲಿ ನಿಂತು, ಅವರದೇ ದನಿಯಲ್ಲಿ, "ನೆರಳ ತಂದೀನ್ರಿ, ಎಲ್ಲಿ ಇಳಸ್ಲಿ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನಂಗ ಮಾತಾಡ್ಲಾಕ ಬರ್ತದ. ನನ್ನ ಮನ್ಯಾಗ ಕುಂದ್ರಲಾಕ ಬರ್ತದೇನು? ಒಳಗ ಬಾ."

ಕೂತೆ. ಪತ್ರಾದ ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತು. ನಾನು ಅವಸರದಲ್ಲಿ ನಕ್ಷೆ ತೋರಿಸಿ ಪೆನ್ನು ಮುಂದೆ ಹಿಡಿದೆ.

"ಇದು ಯಾವತ್ತಿನ ನೆರಳು?"

"ಡಿಸೆಂಬರಿಂದು."

"ಡಿಸೆಂಬರ್ದಾಗ ಯಾರಿಗಿ ಬೇಕದು? ಇವತ್ತಿಂದು ತೋರ್ಸು."

ಕಂಪ್ಯೂಟರಿನಲ್ಲಿ ತಾರೀಕು ಬದಲಿಸಿದೆ. ಚಾಳಿನ ಮೇಲಿದ್ದ ಬೂದು ಬಣ್ಣ ಸರಸರನೆ ಹಿಂದೆ ಸರಿದು ಕಟ್ಟಡದ ಬುಡಕ್ಕೆ ಅಂಟಿಕೊಂಡಿತು. ಬೆಳಗ್ಗೆ ಎಂಟಕ್ಕೆ ಇಟ್ಟೆ, ನೆರಳು ಬೇರೆಡೆ ಹೋಯಿತು. ಸಂಜೆ ನಾಲ್ಕಕ್ಕೆ ಇಟ್ಟೆ, ಇನ್ನೊಂದು ದಿಕ್ಕಿಗೆ ಓಡಿತು. ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ನಡುನೆತ್ತಿಯ ಮೇಲೆ ಹಾದುಹೋಗುತ್ತಾನೆ, ನೆರಳು ಉತ್ತರಕ್ಕೆ ಉದ್ದವಾಗಿ ಚಾಚುವುದು ಚಳಿಗಾಲದಲ್ಲಿ ಮಾತ್ರ. ಕಾಲೇಜಿನಲ್ಲಿ ಇದನ್ನು ಬರೆದು ನಾನು ಅಂಕ ಪಡೆದಿದ್ದೆ.

"ಅಂದ್ರ ಬೇಕಾದಾಗ ಬರಲ್ಲ, ಬ್ಯಾಡಾದಾಗ ಬರ್ತದ. ನಮ್ಮ ಅಳಿಯನಂಗ," ಎಂದರು ಶರಣಮ್ಮ. ಸಹಿ ಸಿಗಲಿಲ್ಲ, ನೀರು ಸಿಕ್ಕಿತು.

ಅಲ್ಲಿಂದ ವಾರಿಜಕ್ಕನ ಟೆರೇಸಿಗೆ ಹೋದೆ. ಅಲ್ಲಿ ಸಹಿ ಸುಲಭ, ಅವರು ತಕ್ಷಣ ಹಾಕಿದರು. ಕೆಳಗೆ ಸೋತು ಬಂದ ಬೇಸರ ಕಳೆಯಲು ಶರಣಮ್ಮನನ್ನು ಆಡಿ ತೋರಿಸತೊಡಗಿದೆ. ಮೊಣಕಾಲು ಹಿಡಿದು ಏಳುವುದು, ಅಳಿಯನ ಮಾತು, ಪತ್ರಾದ ಮೇಲೆ ಬೇಯುವ ರೊಟ್ಟಿ. ವಾರಿಜಕ್ಕ ನಗಲಿಲ್ಲ. ಅರೆ ಒಣಗಿದ ಹಪ್ಪಳವೊಂದನ್ನು ಬಗ್ಗಿಸಿ ನೋಡುತ್ತ ಕೇಳಿದರು:

"ಅಷ್ಟು ಬಿಸಿ ಉಂಟಾ ಆ ಪತ್ರಾ?"

"ಕೈ ಇಟ್ಟರೆ ಸುಡ್ತದೆ ಅಕ್ಕಾ."

"ದಿನ ಇಡೀ?"

"ಹೌದು. ಎಂತಕ್ಕೆ?"

"ಎಂತಕ್ಕೂ ಇಲ್ಲ. ಅವರ ಮನೆ ಯಾವುದು, ತೋರಿಸು."

ಟೆರೇಸಿನ ಮೋಟುಗೋಡೆಯಿಂದ ಬೆರಳು ಮಾಡಿ ತೋರಿಸಿ ನಾನು ಗಾಡಿ ಹಿಡಿಯಲು ಓಡಿದೆ. ಇಬ್ಬರ ನಡುವೆ ಏನಾಯಿತೆಂದು ನಾನು ಕೇಳಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು, ಬಿಲ್ಡರ್ ಬೇರೆ ಕೆಲಸದಲ್ಲಿ ಬಿದ್ದ, ನಕ್ಷೆ ಕಪಾಟಿನಲ್ಲಿ ಮಲಗಿತು. ಶರಣಮ್ಮನ ಸಹಿ ಬಾಕಿ ಇದೆ ಎಂದು ನಾನು ಮೇಡಂಗೆ ಹೇಳಿದ್ದೆ. ಮಳೆ ನಿಂತ ಮೇಲೆ ಸಭೆಯಲ್ಲೇ ತೆಗೆದುಕೊಳ್ಳೋಣ ಎಂದಿದ್ದರು.

ನವೆಂಬರಿನಲ್ಲಿ ಎರಡನೆಯ ಸಭೆ. ಮೇಡಂ ಪಶ್ಚಿಮದ ಅಂಚಿನ ನಕ್ಷೆ ತೂಗುಹಾಕಿ, ಎರಡೂ ಕಡೆಯವರ ಬೇಡಿಕೆ ಈಡೇರಿದೆ ಎಂದರು. ಶರಣಮ್ಮ ಎದ್ದರು. ಈ ಸಲ ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ವಾರಿಜಕ್ಕ.

"ನೆರಳು ಬ್ಯಾಡ್ರಿ ನಮಗ."

ಮೇಡಂ ಫೆಬ್ರವರಿಯ ಟಿಪ್ಪಣಿ ತೆಗೆದು, ನೀವೇ ಕೇಳಿದ್ದಲ್ಲವೇ ಎಂದರು.

"ಕೇಳಿದ್ದೆ. ಈಗ ಬ್ಯಾಡ. ನಮ್ಮ ಪತ್ರಾದ ಮ್ಯಾಲ ಹಪ್ಪಳ ಅದ."

"ನನ್ನ ಹಪ್ಪಳ," ಎಂದರು ವಾರಿಜಕ್ಕ. "ನನ್ನ ಟೆರೇಸಿನಲ್ಲಿ ಎರಡು ದಿನ ಬೇಕು. ಅಲ್ಲಿ ಒಂದೇ ದಿನ. ಆರು ಮನೆಯವರು ಮಾಡ್ತಿದ್ದಾರೆ. ಅವರ ಮೇಲೂ ಬೇಡ, ನನ್ನ ಮೇಲೂ ಬೇಡ."

"ಮೊಣಕಾಲು ಬಿದ್ದ ಮ್ಯಾಲ ನನಗ ಸಿಕ್ಕ ಕೆಲಸ ಇದೊಂದೇ. ಛಳಿಗಾಲದಾಗ ನೆರಳ ಹಾಕಿ ಅದನ್ನೂ ಕಸಗೊಂತೀರಿ?"

ಗೊಂದಲದಲ್ಲಿ ನಾನು ಶರಣಮ್ಮನ ಮಾತನ್ನು ವಾರಿಜಕ್ಕನ ದನಿಯಲ್ಲೂ ವಾರಿಜಕ್ಕನದನ್ನು ಶರಣಮ್ಮನ ದನಿಯಲ್ಲೂ ಮರಾಠಿಗೆ ಇಳಿಸುತ್ತಿದ್ದೆ. ಮೇಡಂ ಕೈಯೆತ್ತಿದರು. "ಸುಧೀರ, ಮೊದಲು ನಿನ್ನ ದನಿಯಲ್ಲಿ ಮಾತಾಡು. ಹಾಗಾದರೆ ಈ ನೆರಳನ್ನು ನಾನು ಎಲ್ಲಿ ಹಾಕಲಿ, ಕೇಳು."

ಕೇಳಿದೆ, ಯಾರಂತೆಯೂ ಅಲ್ಲದ ದನಿಯಲ್ಲಿ. ಅದು ನನಗೇ ಅಪರಿಚಿತವಾಗಿತ್ತು.

ಶರಣಮ್ಮ ಬಿಲ್ಡರ್ ಕಡೆಯ ಮ್ಯಾನೇಜರನನ್ನು ನೋಡಿದರು. "ಬಿಲ್ಡಿಂಗ ಯಾರ್ದು?"

"ನಮ್ದು."

"ಹಂಗಾರ ನೆರಳೂ ನಿಮ್ದೇ ಅಲ್ಲೇನು? ನಿಮ್ಮ ಅಂಗಳದಾಗ ಹಾಕ್ಕೋರಿ."

ಮ್ಯಾನೇಜರ್ ನಕ್ಕ. ಮೇಡಂ ನಕ್ಷೆಯ ಮೇಲೆ ಬೆರಳಿಟ್ಟು ಜಾಗದ ಉದ್ದ ಅಳೆದರು. ಜಾಗ ದಕ್ಷಿಣೋತ್ತರವಾಗಿ ಉದ್ದವಿತ್ತು. ಕಟ್ಟಡವನ್ನು ದಕ್ಷಿಣದ ತುದಿಗೆ ತಳ್ಳಿ ಮೂರು ಮಹಡಿ ಇಳಿಸಿದರೆ, ಡಿಸೆಂಬರಿನಲ್ಲೂ ಹತ್ತು ಗಂಟೆಯಿಂದ ಮೂರರವರೆಗೆ ನೆರಳು ಜಾಗದ ಒಳಗೇ ಉಳಿಯುತ್ತಿತ್ತು. ಅಲ್ಲಿ ಬಿಲ್ಡರನ ಬ್ರೋಷರಿನಲ್ಲಿ ಬಿಸಿಲು ಹೊಡೆಯುವ ಈಜುಕೊಳವಿತ್ತು. ಈಜುವವರಿಗೆ ಬಿಸಿಲು ಬೇಡವೇ ಎಂದು ಮ್ಯಾನೇಜರ್ ವಾರಗಟ್ಟಲೆ ವಾದಿಸಿದ. ಕೊನೆಗೆ ಎರಡು ಕಡೆಯ ತಕರಾರಿಗಿಂತ ತಣ್ಣನೆಯ ನೀರೇ ಅಗ್ಗ ಎಂದು ಬಿಲ್ಡರ್ ಒಪ್ಪಿದ. ಫೈಲು ಇಪ್ಪತ್ತಾರು ಮಹಡಿಯಾಗಿ ಮುಂದೆ ಹೋಯಿತು.

ನೆರಳಿನ ನಕ್ಷೆಯಲ್ಲಿ ತಾರೀಕನ್ನು ಈಗ ನಾನು ದೊಡ್ಡಕ್ಷರದಲ್ಲಿ ಬರೆಯುತ್ತೇನೆ, ಮೇ ತಿಂಗಳದ್ದನ್ನೂ ಜೊತೆಗೆ ಇಡುತ್ತೇನೆ. ಈ ಕೆಲಸ ಕಲಿಸಿದ್ದು ಅದಷ್ಟೇ ಅಲ್ಲ. ಶರಣಮ್ಮನ ಆ ರೊಟ್ಟಿಯ ಮಾತನ್ನು ನಾನು ಮೂರು ತಿಂಗಳು ಊರೆಲ್ಲ ಆಡಿ ತೋರಿಸಿದ್ದೆ, ಒಂದು ಸ್ವರವೂ ತಪ್ಪದಂತೆ. ಆ ಮಾತಿನಲ್ಲಿ ಏನಿದೆ ಎಂದು ಕೇಳಿಸಿಕೊಂಡವರು ವಾರಿಜಕ್ಕ ಒಬ್ಬರೇ.

ಮೊನ್ನೆ ಆ ದಾರಿಯಲ್ಲಿ ಹೋದಾಗ ಜಾಗದಲ್ಲಿ ಪಾಯ ತೋಡುತ್ತಿದ್ದರು. ಚಾಳಿನ ಹೆಂಗಸರು ಹಪ್ಪಳ ಮಗುಚುತ್ತ ನಗುತ್ತಿದ್ದರು. ನಡುವೆ ಶರಣಮ್ಮ, ಹೆಗಲಿಗೆ ಚೀಲ ಹಾಕಿದಂತೆ ಸೆರಗು ಏರಿಸಿ, ಇಲ್ಲದ ಪೆನ್ನನ್ನು ಮುಂದೆ ಚಾಚಿ, ಯಾವ ಊರಿನದೂ ಅಲ್ಲದ ಕನ್ನಡದಲ್ಲಿ ಹೇಳುತ್ತಿದ್ದರು: "ಶ್ಯಾಡೋ ಸ್ಟಡಿ ಅಂದರೆ ಏನು ಗೊತ್ತುಂಟಾ ಅಕ್ಕಾ, ಇಲ್ಲೊಂದು ಸಹಿ ಹಾಕ್ರಿ."

ಆ ದನಿ ಯಾರದೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.