ಭಾನುವಳ್ಳಿಯ ಗಾಣ ಸೋಮವಾರ ತಿರುಗುವುದಿಲ್ಲ

ಭಾನುವಾರ ಬೆಳಿಗ್ಗೆಯ ರೈಲಿಗೆ ತುಮಕೂರು ಬಿಟ್ಟೆ. ದಾವಣಗೆರೆಗೆ ಎರಡನೇ ದರ್ಜೆಯ ಟಿಕೆಟ್ಟು ನೂರು ರೂಪಾಯಿಯ ಆಸುಪಾಸು. ಕಿಟಕಿ ಪಕ್ಕದ ಜಾಗ ಸಿಕ್ಕಿತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಕೂತೆ. ಅರಸೀಕೆರೆಯಲ್ಲಿ ಹತ್ತಿದ ಒಬ್ಬರು "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದಾಗಲೇ ನಾನು, ಈಗ ಜೊತೆಗೆ ಬರದ ಸರೋಜಾಗೆ ಜಾಗ ಹಿಡಿದು ಕೂತಿದ್ದೇನೆಂದು ಗೊತ್ತಾಗಿದ್ದು. ಯಾರೂ ಬರಲ್ಲ ಎಂದು ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡೆ.

ನನ್ನ ಕೆಲಸ ಏನೆಂದು ಹೇಳಿದರೆ ನೆಂಟರಿಗೇ ಅರ್ಥವಾಗುವುದಿಲ್ಲ, ಇನ್ನು ನಿಮಗೆ ಹೇಗೆ ಆದೀತು? ಆದರೂ ಹೇಳುತ್ತೇನೆ. ಜಿಲ್ಲೆಯ ಕೈಗಾರಿಕೆ ಕಚೇರಿ ಸಣ್ಣಪುಟ್ಟ ಉದ್ಯೋಗ ಮಾಡುವವರಿಗೆ ಬ್ಯಾಂಕಿನಿಂದ ಸಾಲ, ಅದರ ಮೇಲೆ ಸಹಾಯಧನ ಕೊಡಿಸುತ್ತದೆ. ಕೆಲವು ವರ್ಷವಾದ ಮೇಲೆ ಯಾರಾದರೂ ಹೋಗಿ, ಆ ಉದ್ಯೋಗ ನಿಜವಾಗಿ ನಡೆಯುತ್ತಿದೆಯೇ, ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ ಎಂದು ಕಣ್ಣಾರೆ ನೋಡಿ ಬರಬೇಕು. ಹಾಗೆ ನೋಡಿ ಬರುವ ಗುತ್ತಿಗೆ ಬೆಂಗಳೂರಿನ ಒಂದು ಕಂಪನಿಯದು, ಕಾಲು ಸವೆಸುವುದು ನನ್ನದು. ಬೋರ್ಡಿನ ಫೋಟೊ, ಯಂತ್ರ ನಡೆಯುತ್ತಿರುವ ವಿಡಿಯೊ, ಕೊನೆಗೆ ಮಾಲೀಕರ ಪಕ್ಕ ನಿಂತು ನಾನೇ ತೆಗೆದುಕೊಂಡ ಫೋಟೊ, ಇಷ್ಟನ್ನೂ ಮೊಬೈಲಿನ ಆ್ಯಪ್‌ಗೆ ಹಾಕಬೇಕು. ನೀರು ಬಿಟ್ಟು ಅವರ ಮನೆಯಲ್ಲಿ ಏನನ್ನೂ ಮುಟ್ಟಬಾರದು ಎಂಬುದು ನಿಯಮ. ಹೀಗಾಗಿ ನನ್ನ ಫೋನಿನ ತುಂಬ ನಾನಿದ್ದೇನೆ, ನನ್ನ ಪಕ್ಕ ನಿಂತವರೆಲ್ಲ ಪರಿಚಯವಿಲ್ಲದವರು.

ಆರು ವರ್ಷ ಈ ಕೆಲಸಕ್ಕೆ ಇಬ್ಬರು ಹೋಗುತ್ತಿದ್ದೆವು, ನಾನು ಮತ್ತು ಸರೋಜಾ. ಅವಳು ಮಾತಾಡಿಸುವವಳು, ನಾನು ಫೋಟೊ ಹಿಡಿಯುವವಳು. ಲಾಡ್ಜಿನಲ್ಲಿ ಒಂದೇ ರೂಮು, ನನ್ನ ಸ್ಟೀಲ್ ಡಬ್ಬಿಯಲ್ಲಿ ಇಬ್ಬರಿಗೂ ಚಿತ್ರಾನ್ನ. ಹೋದ ಮಳೆಗಾಲದಲ್ಲಿ ಬೆಂಗಳೂರಿನ ಸೂಪರ್‌ವೈಸರ್ ಫೋನ್ ಮಾಡಿ, "ಹೊಸ ಆ್ಯಪ್ ಬಂದಿದೆ, ಈಗ ಒಬ್ಬರಿಂದಲೇ ಆಗುತ್ತಾ ಮೇಡಂ?" ಎಂದು ಕೇಳಿದರು. ಆಗುತ್ತೆ ಸರ್, ಅಂದೆ. ಯಾಕೆ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆಗಲ್ಲ ಅಂದರೆ ಇಬ್ಬರಲ್ಲಿ ಮನೆಗೆ ಹೋಗುವವಳು ನಾನೇ ಆದರೆ ಎಂಬ ಭಯ. ಮುಂದಿನ ತಿಂಗಳ ಪಟ್ಟಿಯಲ್ಲಿ ಸರೋಜಾಳ ಹೆಸರಿರಲಿಲ್ಲ. "ನಿನ್ನನ್ನೇನಾದ್ರೂ ಕೇಳಿದ್ರಾ?" ಎಂದು ಅವಳು ಕೇಳಿದ್ದಕ್ಕೆ ಇಲ್ಲ ಅಂದುಬಿಟ್ಟೆ. ಅಲ್ಲಿಂದ ಮುಂದೆ ಅವಳು ಫೋನ್ ಮಾಡುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ದಾವಣಗೆರೆಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಚಳಿ ಹೋಗಲು ಶಿವರಾತ್ರಿಯ ತನಕ ಕಾಯಬೇಕು ಅನ್ನುತ್ತಾರೆ, ಈ ಊರಿನ ಬಿಸಿಲಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಿಲ್ದಾಣದ ಹತ್ತಿರದ ಲಾಡ್ಜಿನವರು ಆಧಾರ್ ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಒಬ್ರೇನ್ರೀ?" ಎಂದರು. ಒಬ್ಬಳೇ. ಸಂಜೆ ಬೆಣ್ಣೆದೋಸೆಗೆ ಹೋದೆ. ಮಾಣಿ ಬಂದು ನಿಂತಾಗ ಬಾಯಿ ತಾನಾಗಿಯೇ "ಎರಡು" ಅಂದಿತು. ಎರಡು ತಟ್ಟೆ ಬಂದವು, ಎರಡರ ಮೇಲೂ ಬೆಣ್ಣೆ ಕರಗುತ್ತಿತ್ತು. ಎದುರಿನ ತಟ್ಟೆ ಆರುವುದನ್ನು ಸ್ವಲ್ಪ ಹೊತ್ತು ನೋಡಿದೆ, ಆಮೇಲೆ ಅದನ್ನೂ ಎಳೆದುಕೊಂಡು ತಿಂದೆ. ದುಃಖವಿದ್ದರೂ ಬೆಣ್ಣೆದೋಸೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಸೋಮವಾರ ಹತ್ತು ಗಂಟೆಗೆ ಕೈಗಾರಿಕೆ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನಡುವಯಸ್ಸಿನ ಹೆಂಗಸು, ಮೇಜಿನ ಮೇಲೆ ಯಾರೋ ಮಾಡಿದ ರೊಟ್ಟಿ ಪ್ಯಾಕೆಟ್ಟು, ಅಗರಬತ್ತಿ, ಚಟ್ನಿಪುಡಿಗಳ ಮಾದರಿ ಸಾಲಾಗಿ ಇಟ್ಟುಕೊಂಡಿದ್ದರು. ಒಂದೊಂದರ ಹಿಂದೆ ಯಾರಿದ್ದಾರೆ, ಎಷ್ಟು ಸಲ ಬ್ಯಾಂಕಿಗೆ ಅಲೆದರು ಎಂದು ಅವರಿಗೆ ಬಾಯಿಪಾಠ. ನನ್ನ ಪಟ್ಟಿಯಲ್ಲಿ ಅವತ್ತಿಗೆ ಎರಡೇ ಇದ್ದವು: ಹರಿಹರದ ಒಂದು ಲೇತ್ ವರ್ಕ್‌ಶಾಪು, ಭಾನುವಳ್ಳಿಯ ಒಂದು ಎಣ್ಣೆಗಾಣ. ಗಾಣದ ಹೆಸರಿನ ಮೇಲೆ ಬೆರಳಿಟ್ಟು ಅವರು, "ಇದನ್ನ ಸರಿಯಾಗಿ ನೋಡ್ರಿ ಮೇಡಂ. ಹೋದ ಸಲ ಬಂದೋರು 'ಚಾಲನೆಯಲ್ಲಿಲ್ಲ' ಅಂತ ಹಾಕಿ ಹೋಗ್ಯಾರೆ. ಇದು ಎರಡನೇ ಸಲ, ಇದಾದ ಮೇಲೆ ಇನ್ನೊಂದಿಲ್ಲ. ಈಗ್ಲೂ ಹಂಗೇ ಬಂದ್ರೆ ಸಹಾಯಧನ ವಾಪಸ್ ಹೋಗ್ತೈತೆ, ಆಯಮ್ಮ ಎತ್ತು ಮಾರಬೇಕಾಗ್ತೈತೆ. ಇವತ್ತು ಸಂಜೆ ಪಟ್ಟಿ ಮುಚ್ತೈತೆ" ಎಂದರು.

ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಿಗೆ ಶೂನ್ಯ ಟಿಕೆಟ್ಟು. ಲೇತ್ ವರ್ಕ್‌ಶಾಪಿನ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಮಾಲೀಕರು ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ದುಡಿದವರು, ಈಗ ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾರೆ. ಮೂರು ವರ್ಷದ ಹಿಂದೆ ಅವರ ಇನ್ನೊಂದು ಅರ್ಜಿಗೆ ನಾವಿಬ್ಬರೂ ಬಂದಿದ್ದೆವಂತೆ, ನನಗೆ ಮರೆತಿತ್ತು, ಅವರಿಗೆ ನೆನಪಿತ್ತು. ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ, "ಆ ಇನ್ನೊಬ್ಬ ಮೇಡಂ ಎಲ್ರೀ? ಭಾಳ ನಗಸ್ತಿದ್ರು" ಅಂದರು. ಬಿಟ್ಟಿದ್ದಾರೆ ಅಂದೆ. ಬಿಡಿಸಿದ್ದಾರೆ ಅನ್ನಲು ನಾಲಿಗೆ ಏಳಲಿಲ್ಲ.

ಭಾನುವಳ್ಳಿಗೆ ಖಾಸಗಿ ಬಸ್ಸು ಹಿಡಿದೆ, ಟಿಕೆಟ್ಟಿಗೆ ಇಪ್ಪತ್ತು ರೂಪಾಯಿ. ದಾರಿಯ ಎರಡೂ ಕಡೆ ಕಾಲುವೆ ನೀರು ನಿಂತ ಗದ್ದೆ, ಹೆಂಗಸರು ಸಾಲು ಕಟ್ಟಿ ಭತ್ತದ ನಾಟಿ ಮಾಡುತ್ತಿದ್ದರು. ಇಳಿದು ಕೇಳಿದೆ, ಗಾಣದ ಮನೆ ಎಲ್ಲರಿಗೂ ಗೊತ್ತಿತ್ತು. ತಗಡಿನ ಚಪ್ಪರ, ನಡುವೆ ಕಲ್ಲಿನ ಒರಳು, ಅದರಲ್ಲಿ ಓರೆಯಾಗಿ ನಿಂತ ಮರದ ಒನಕೆ, ಒನಕೆಯಿಂದ ಹೊರಟ ಉದ್ದನೆಯ ತೊಲೆ. ಎತ್ತು ಸುತ್ತಿ ಸುತ್ತಿ ನೆಲದಲ್ಲಿ ಒಂದು ಗೇಣು ಹಳ್ಳ ಬಿದ್ದಿತ್ತು. ಎತ್ತುಗಳು ಮಾತ್ರ ಬೇವಿನ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು, ಹಣೆಗೆ ವಿಭೂತಿ ಬಳಿದಿತ್ತು.

ಗಾಣದ ಒಡತಿ ಗಂಗಮ್ಮ, ನಲವತ್ತೈದರ ಹೆಂಗಸು. ಜೊತೆಗೆ ಎತ್ತು ಹೊಡೆಯುವ ಹಾಲಮ್ಮ. ನನ್ನ ಕೊರಳಿನ ಕಾರ್ಡು ನೋಡಿದ ಕೂಡಲೇ ಇಬ್ಬರ ಮುಖವೂ ಇಳಿಯಿತು.

"ಇವತ್ತೇ ಬಂದ್ರೇನ್ರಿ ಮೇಡಂ?" ಅಂದರು ಗಂಗಮ್ಮ. "ಹೋದ ಸಲದೋರೂ ಸೋಮವಾರಾನೇ ಬಂದಿದ್ರು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಹೇಳಿದ್ರೂ ಅವ್ರು ಕೇಳಿಸ್ಕೊಳ್ಳಿಲ್ಲ, ನಿಂತ ಗಾಣದ ಫೋಟೊ ತಕ್ಕೊಂಡು ಹೋದ್ರು."

ಇತ್ತ ಕಡೆ ಸೋಮವಾರ ಎತ್ತು ಹೂಡುವುದಿಲ್ಲ ಎಂದು ನನಗೂ ಕೇಳಿ ಗೊತ್ತು. ಆದರೆ ವಾರದ ಲೆಕ್ಕ ಹಾಕಿ ಪಟ್ಟಿ ಮಾಡುವ ಬೆಂಗಳೂರಿನ ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ. ನಾನು ಉಪಾಯ ಹೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. "ಎರಡೇ ಸುತ್ತು ಸಾಕು ಗಂಗಮ್ಮ. ಎರಡು ನಿಮಿಷ. ಬಸವಣ್ಣ ಬೇಜಾರು ಮಾಡ್ಕೊಳ್ಳಲ್ಲ."

ಗಂಗಮ್ಮ ಎತ್ತುಗಳ ಕಡೆ ನೋಡಿದರು. "ವಾರಕ್ಕ ಆರು ದಿನ ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಸ್ತೀವ್ರಿ. ಈ ಒಂದು ದಿನ ಬಿಚ್ಚತೀವಿ ಅಂತ ನಾವು ಕೊಟ್ಟ ಮಾತು. ಬ್ಯಾಡ್ರಿ" ಅಂದರು.

ಆಗ ಹಾಲಮ್ಮ ಬಾಯಿ ಬಿಟ್ಟಳು. "ಮೋಟರ್ ಹಾಕ್ಸಿಬಿಡು ಗಂಗಕ್ಕ. ಸೋಮವಾರನೂ ತಿರುಗ್ತೈತೆ, ಅಮಾಸಿಗೂ ತಿರುಗ್ತೈತೆ. ನಾನು ಮೊದ್ಲಿನಂಗೆ ನಾಟಿಗೆ ಹೋಗ್ತೀನಿ. ನನ್ನ ಸಲುವಾಗಿ ನೀನ್ಯಾಕ ಮುಳುಗ್ತಿ?"

ಗಂಗಮ್ಮ ನನ್ನ ಕಡೆ ತಿರುಗಿದರು. "ಬ್ಯಾಂಕ್ನೋರೂ ಇದನ್ನೇ ಕೇಳಿದ್ರು ಮೇಡಂ. ಮೋಟರ್ ಹಾಕಿದ್ರೆ ಒಬ್ಬಾಕಿಂದ್ಲೇ ಆಗ್ತೈತಲ್ಲ ಅಂತ. ಆಗಂಗಿಲ್ರಿ ಅಂದೆ. ಖರೆ ಹೇಳ್ಬೇಕಂದ್ರೆ ಆಗ್ತಿತ್ತು. ಆದ್ರ ಆಗ್ತೈತೆ ಅಂತ ನನ್ನ ಬಾಯಾಗ ಬಂದ್ರೆ, ಈಕಿ ಮೊಣಕಾಲು ನೀರಿನಾಗ ನಿಲ್ಲಬೇಕು. ಈಕಿ ಮಂಡಿ ಹೋಗೇತ್ರಿ."

ಅದೇ ಪ್ರಶ್ನೆ. ನನ್ನನ್ನು ಕೇಳಿದ ಪ್ರಶ್ನೆಯೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಒಂದು ಲೋಟ ನೀರು ಕೇಳಿ ಕುಡಿದೆ, ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ.

ಫೋನ್ ಹಿಡಿದು ಕಾಲುವೆಯ ಏರಿಗೆ ಹೋದೆ, ಅಲ್ಲಿ ಸಿಗ್ನಲ್ ಇತ್ತು. ಸೂಪರ್‌ವೈಸರ್‌ಗೆ ವಿಷಯ ಹೇಳಿ, ನಾಳೆ ಬೆಳಿಗ್ಗೆ ವಿಡಿಯೊ ಕಳಿಸುತ್ತೇನೆ, ಪಟ್ಟಿ ತೆರೆದಿಡಿ ಅಂದೆ.

"ನಾಳೆ ನೀವು ಹಿರಿಯೂರಲ್ಲಿರಬೇಕು ಮೇಡಂ. ಅಲ್ಲಿಗೆ ಯಾರು ಹೋಗ್ತಾರೆ?"

"ಇಬ್ಬರಿದ್ದಿದ್ದರೆ ಒಬ್ಬರು ಇಲ್ಲಿ ಇರ್ತಿದ್ವಿ, ಒಬ್ಬರು ಅಲ್ಲಿಗೆ ಹೋಗ್ತಿದ್ವಿ. ಈ ಕೆಲಸ ಒಬ್ಬಳಿಂದ ಆಗಲ್ಲ ಸರ್."

"ನೀವೇ ಆಗುತ್ತೆ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ" ಅಂದೆ.

ನಾಳೆ ಮಧ್ಯಾಹ್ನದವರೆಗೆ ಪಟ್ಟಿ ತೆರೆದಿಡುತ್ತೇನೆ, ಹಿರಿಯೂರಿಗೆ ಹೋಗದ ದಿನದ ಸಂಬಳವಿಲ್ಲ ಎಂದು ಹೇಳಿ ಅವರು ಫೋನಿಟ್ಟರು. ಎಂಟು ತಿಂಗಳು ತಡವಾಗಿ ಬಂದ ಮಾತು, ಅದರಿಂದ ಸರೋಜಾಳ ಹೆಸರು ಪಟ್ಟಿಗೆ ವಾಪಸ್ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಸುಮ್ಮನೆ ಹರಿಯುತ್ತಿತ್ತು. ಏರಿಯ ಮೇಲೆ ಕೂತು ಅತ್ತೆ.

ಗಂಗಮ್ಮ ಉಳಿದುಕೊಳ್ಳಲು ಕರೆದರು. "ರೊಟ್ಟಿ, ಹಿಂಡಿ ಪಲ್ಯ ಐತೆ, ಬರ್ರಿ" ಅಂದರು. ನಿಯಮ ಹೇಳಿ ಹರಿಹರಕ್ಕೆ ವಾಪಸ್ಸಾದೆ. ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೊಳೆಯ ದಂಡೆಗೆ ಹೋದೆ. ತುಂಗಭದ್ರೆಯಲ್ಲಿ ನೀರು ಬಂಡೆಗಳ ನಡುವೆ ಇಳಿದಿತ್ತು. ಬಂದವರೆಲ್ಲ ಜೊತೆಯಾಗಿ ಬಂದವರು, ಒಬ್ಬರ ಫೋಟೊ ಒಬ್ಬರು ತೆಗೆಯುತ್ತಿದ್ದರು. ಮಿರ್ಚಿ ಖಾರವಿತ್ತು, ಅರ್ಧ ಮಂಡಕ್ಕಿ ಉಳಿಯಿತು. ಇಬ್ಬರಿಗಾಗುವಷ್ಟು ಕಟ್ಟಿಸಿಕೊಳ್ಳುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

ಮಂಗಳವಾರ ಏಳೂವರೆಗೆಲ್ಲ ನಾನು ಗಾಣದ ಮುಂದಿದ್ದೆ. ಹಾಲಮ್ಮ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನು ತಟ್ಟಿ, ನಡಿಯಪ್ಪ ಅಂದಳು. ತೊಲೆ ಕಿರುಗುಟ್ಟಿ ಗಾಣ ತಿರುಗಿತು. ಗಂಗಮ್ಮ ಒರಳಿಗೆ ಶೇಂಗಾ ಸುರಿದು, ಅಂಚಿಗೆ ಬಂದದ್ದನ್ನು ಕೈಯಿಂದ ಒಳಗೆ ತಳ್ಳುತ್ತ ಕೂತರು. ಒಬ್ಬರು ಎತ್ತು ನೋಡಬೇಕು, ಒಬ್ಬರು ಒರಳು ನೋಡಬೇಕು. ಮೊದಲ ಎಣ್ಣೆ ನೂಲಿನಂತೆ ಇಳಿಯುವವರೆಗೂ ವಿಡಿಯೊ ಮಾಡಿದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಮಾಡಿದೆ.

ಆ್ಯಪ್‌ನಲ್ಲಿ 'ಚಾಲನೆಯಲ್ಲಿದೆ' ಒತ್ತುವ ಮೊದಲು ಕೆಲಸಗಾರರ ಹೆಸರು ತೋರಿಸಿ ಒಪ್ಪಿಗೆ ಕೇಳಬೇಕು. ಹಾಲಮ್ಮ ಕೈ ಒರೆಸಿಕೊಂಡು ಬಂದು ಪರದೆ ನೋಡಿದಳು. "ನನ್ನ ಹೆಸ್ರು ಇದ್ರಾಗ ಐತೇನ್ರಿ? ಎಲ್ಲೈತೆ, ತೋರಿಸ್ರಿ." ತೋರಿಸಿದೆ. ಅವಳು ಅಕ್ಷರದ ಮೇಲೆ ಬೆರಳಿಡಲು ಹೋಗಿ, ಅಳಿಸಿಹೋದರೆ ಎಂದು ಹಿಂದಕ್ಕೆ ತೆಗೆದಳು. ಒತ್ತಿದೆ. ವರದಿ ಹೋಯಿತು. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒರಳಿನ ಹತ್ತಿರ ಹೋದರು. ನಮ್ಮ ಮೂವರ ಫೋಟೊ ತೆಗೆದುಕೊಂಡೆ.

ಒಂದು ಲೀಟರ್ ಎಣ್ಣೆ ದುಡ್ಡು ಕೊಟ್ಟು ಕೊಂಡೆ. ಬಾಟಲಿಗಳೆಲ್ಲ ಸಂತೆಗೆ ಹೋಗಿದ್ದವು, ಹಾಗಾಗಿ ನನ್ನ ಸ್ಟೀಲ್ ಡಬ್ಬಿಗೇ ತುಂಬಿಸಿಕೊಂಡೆ. ಬಸ್ಸು ತಿರುಗುವಾಗ ಹಿಂತಿರುಗಿ ನೋಡಿದೆ. ಚಪ್ಪರದ ಕೆಳಗೆ ಎತ್ತು, ಹಾಲಮ್ಮ, ಎತ್ತು, ಹಾಲಮ್ಮ, ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

ಹರಿಹರದಿಂದ ರೈಲು ಹಿಡಿದು ತುಮಕೂರಿಗೆ ಬಂದಾಗ ಸಂಜೆಯಾಗಿತ್ತು. ಮನೆಗೆ ಹೋಗದೆ ನೇರ ಸರೋಜಾಳ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ನನ್ನ ಚೀಲ ನೋಡಿ, "ಒಬ್ಬಳೇ ಹೋಗಿದ್ಯಾ?" ಅಂದಳು.

"ಹೂಂ. ಅವತ್ತು ನನ್ನನ್ನ ಕೇಳಿದ್ರು ಸರೋಜಾ. ಒಬ್ಬಳಿಂದ ಆಗುತ್ತೆ ಅಂದೋಳು ನಾನೇ."

"ಗೊತ್ತಿತ್ತು" ಅಂದಳು. ನಾನು ಚಾಚಿದ ಡಬ್ಬಿಯನ್ನು ತೆಗೆದುಕೊಂಡು ಒಳಗೆ ಹೋದಳು. ಬಾ ಅನ್ನಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಇದ್ದೆ. ಒಳಗೆ ಎಣ್ಣೆ ಬಗ್ಗಿಸುವ ಸದ್ದು, ಆಮೇಲೆ ನಲ್ಲಿಯ ಸದ್ದು. ತಿರುಗಿ ಬಂದು ಡಬ್ಬಿ ಕೈಗಿಟ್ಟು, "ಕತ್ತಲಾಗುತ್ತೆ, ಹೋಗು" ಅಂದಳು.

ಮನೆಗೆ ಬಂದು ಮುಚ್ಚಳ ತೆಗೆದೆ. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ತಳದಲ್ಲಿ ಎರಡು ಚಮಚ ಸಕ್ಕರೆ ಇತ್ತು. ಅದು ರೂಢಿಗೆ ಹಾಕಿದ್ದೋ ಮನಸ್ಸಿನಿಂದ ಹಾಕಿದ್ದೋ, ಫೋನ್ ಮಾಡಿ ಕೇಳುವ ಧೈರ್ಯ ನನಗಿರಲಿಲ್ಲ. ಅದೇ ಸಕ್ಕರೆ ಹಾಕಿ ಒಂದು ಲೋಟ ಟೀ ಮಾಡಿದೆ. ಟೀಗೆ ಶೇಂಗಾ ಎಣ್ಣೆಯ ವಾಸನೆ ಹತ್ತಿತ್ತು. ಪೂರ್ತಿ ಕುಡಿದೆ.