ಪಿನ್ನಿಲ್ಲದ ಸೆರಗು

ನಮ್ಮ ಮೇಡಂ ಅವರ ಎಡ ಭುಜದ ಮೇಲೆ ಎರಡು ನೀಲಿ ಹೊಲಿಗೆಗಳಿರುತ್ತಿದ್ದವು. ಸೀರೆ ಯಾವ ಬಣ್ಣದ್ದಾದರೂ ದಾರ ಮಾತ್ರ ನೀಲಿ. ಕಾಂತದ ಪ್ರಯೋಗವಿದ್ದ ದಿನ ಅವರು ಸೆರಗಿಗೆ ಪಿನ್ನು ಚುಚ್ಚುತ್ತಿರಲಿಲ್ಲ. ನೆರಿಗೆ ಹಿಡಿದು ರವಿಕೆಗೆ ಹೊಲಿದುಕೊಂಡೇ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ರೈಲು ಹತ್ತಿ ಬಂಗಾರಪೇಟೆಯ ನಮ್ಮ ಕಾಲೇಜಿಗೆ ಬರುತ್ತಿದ್ದರು. ತುರುಬಿಗೆ ಮರದ ಕಡ್ಡಿ, ಕೈಗೆ ಗಾಜಿನ ಬಳೆ. ಕಬ್ಬಿಣದ ಒಂದು ಚೂರೂ ಮೈಮೇಲೆ ಇರಕೂಡದು. ಸ್ಟಾಫ್ ರೂಮಿನಲ್ಲಿ ಉಳಿದವರು ಮುಸಿಮುಸಿ ನಗುತ್ತಿದ್ದರು. ನಕ್ಕರೆ ನಗಲಿ, ಅವರ ಸೆರಗಂತೂ ಒಂದು ದಿನವೂ ಜಾರಿದ್ದನ್ನು ನಾನು ಕಾಣೆ.

ಭೌತಶಾಸ್ತ್ರದ ಲ್ಯಾಬಿನ ಬಾಗಿಲಲ್ಲಿ ಒಂದು ಬಿದಿರಿನ ಮೊರ. ಒಳಗೆ ಹೋಗುವ ಪ್ರತಿ ಹುಡುಗಿಯೂ ತನ್ನಲ್ಲಿರುವ ಪಿನ್ನು, ಕ್ಲಿಪ್ಪು, ಬೀಗದ ಕೈ ಎಲ್ಲವನ್ನೂ ಅದರಲ್ಲಿ ಸುರಿಯಬೇಕು. ನಮ್ಮ ಕಡೆ ಹೆಂಗಸರ ಬಳೆಗೆ ಯಾವಾಗಲೂ ನಾಲ್ಕಾರು ಪಿನ್ನು ನೇತಾಡುತ್ತಿರುತ್ತವೆ, ಯಾವ ಹೊತ್ತಿಗೆ ಏನು ಹರಿಯುತ್ತದೋ ಯಾರಿಗೆ ಗೊತ್ತು! ಲ್ಯಾಬ್ ಮುಗಿದ ಮೇಲೆ ಆ ಮೊರದ ಸುತ್ತ ನಡೆಯುತ್ತಿದ್ದ ಜಗಳ ಸಂತೆಯನ್ನೂ ಮೀರಿಸುತ್ತಿತ್ತು. "ಲೇ, ಆ ದೊಡ್ ಪಿನ್ನು ನಂದು ಕಣೇ, ಬುಡೇ!" ಎಂದು ನಾನೂ ಎಷ್ಟೋ ಸಲ ಕಿರುಚಿದ್ದೇನೆ.

ಮೇಡಂ ಗಣಿ ಕಾರ್ಮಿಕರ ಮಗಳು. ಮನೆಮಾತು ತಮಿಳು. ಪಾಠ ಮಾತ್ರ ಕನ್ನಡದಲ್ಲೇ ಮಾಡುತ್ತಿದ್ದರು, ನಡುವೆ ಎಲ್ಲರನ್ನೂ "ಕಣ್ಣು" ಎಂದು ಕರೆಯುತ್ತಿದ್ದರು. ತಮಿಳು ತಾಯಂದಿರು ಮಕ್ಕಳನ್ನು ಕರೆಯುವ ಹಾಗೆ. ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ದಿಕ್ಪಾತ, ಮುಳ್ಳು ನೆಲದ ಕಡೆ ತಲೆ ಬಾಗಿಸಿದರೆ ಅದು ನತಿ ಎಂದು ಪುಸ್ತಕದಲ್ಲಿತ್ತು. ಮೇಡಂ ಬಾಯಲ್ಲಿ ಅದೇ ಮಾತು ಹೀಗೆ ಬರುತ್ತಿತ್ತು: "ನಮ್ಮೂರಲ್ಲಿ ಮುಳ್ಳು ಒಂಚೂರು ತಲೆ ಬಗ್ಗಿಸಿ ನಮಸ್ಕಾರ ಹೇಳುತ್ತೆ ಅಷ್ಟೇ. ಧ್ರುವಕ್ಕೆ ಹೋದ್ರೆ ಶೀರ್ಷಾಸನ ಹಾಕುತ್ತೆ, ನೋಡು ಕಣ್ಣು!" ಇಂಥ ಪಾಠವನ್ನು ಮರೆಯಬೇಕೆಂದರೂ ಮರೆಯಲಾಗುವುದಿಲ್ಲ.

ಕಾಂತಮಾಪಕ ಎಂದರೆ ಬಹಳ ದೊಡ್ಡ ಯಂತ್ರವೇನಲ್ಲ. ಉದ್ದನೆಯ ಮರದ ಪಟ್ಟಿ, ಅದರ ನಡುವೆ ಗಾಜು ಮುಚ್ಚಿದ ಒಂದು ದಿಕ್ಸೂಚಿ. ಪಟ್ಟಿಯ ಮೇಲೆ ಒಂದು ಕಾಂತವನ್ನಿಟ್ಟರೆ ಮುಳ್ಳು ಅತ್ತಲೋ ಇತ್ತಲೋ ತಿರುಗುತ್ತದೆ. ಎಷ್ಟು ತಿರುಗಿತು ಎಂಬುದರ ಮೇಲೆ ಕಾಂತದ ಬಲವನ್ನು ಲೆಕ್ಕ ಹಾಕಬೇಕು. ಮುಳ್ಳಿನ ಎರಡೂ ತುದಿ ಓದಬೇಕು, ಓದುವ ಮುಂಚೆ ಗಾಜನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಬೇಕು.

ಎಲ್ಲರಿಗೂ ಸರಿಯಾಗಿ ಬರುತ್ತಿತ್ತು. ನನಗೆ ಮಾತ್ರ ಬರುತ್ತಿರಲಿಲ್ಲ. ನಾನು ಬಗ್ಗಿದ ಕೂಡಲೇ ಆ ದರಿದ್ರ ಮುಳ್ಳು ಹಟಮಾರಿ ಕರುವಿನಂತೆ ಎಲ್ಲಿಗೋ ಎಳೆಯುತ್ತಿತ್ತು. ಒಂದು ದಿನ ರೇಗಿ, ಈ ಕಾಂತಮಾಪಕವೇ ಕೆಟ್ಟಿದೆ ಎಂದೆ. ಜೊತೆಯವಳು, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಕಿಸಕ್ಕನೆ ನಕ್ಕಳು. ನನಗೆ ಅಳುವೇ ಬಂತು. ನಗುವ ವಿಷಯವಾಗಿರಲಿಲ್ಲ ಅದು. ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಓದು ಸಾಕು, ಹಸುಗಳನ್ನು ನೋಡಿಕೊಂಡು ಮನೆಯಲ್ಲಿರಲಿ, ಗಂಡು ಹುಡುಕೋಣ ಎಂದು ಅಪ್ಪ ಆಗಲೇ ಹೇಳಿಯಾಗಿತ್ತು.

ಮೇಡಂ ಬಂದರು. "ನೆಲ ಡೊಂಕಿದ್ರೂ ಇರಬಹುದಲ್ವಾ? ಮುಳ್ಳು ಸುಮ್ಮಸುಮ್ನೆ ತಿರುಗಲ್ಲ. ಪಕ್ಕದಲ್ಲಿ ಏನಿದೆ ನೋಡಬೇಕು" ಎಂದರು. ನನ್ನನ್ನು ದೂರ ಕಳಿಸಿದರು, ಮುಳ್ಳು ನೆಟ್ಟಗಾಯಿತು. ಹತ್ತಿರ ಕರೆದರು, ಮತ್ತೆ ತಿರುಗಿತು. "ಎಡಗೈ ತೋರಿಸು ಕಣ್ಣು."

ರವಿಕೆಯ ಉದ್ದ ತೋಳು ಸರಿಸಿದೆ. ಒಳಗಿತ್ತು ಕಬ್ಬಿಣದ ಬಳೆ.

ಅದರ ಕತೆ ಇಷ್ಟೇ. ನನಗಿಂತ ದೊಡ್ಡ ಅಕ್ಕ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಅಜ್ಜಿ ಹಳೇ ನೇಗಿಲ ಗುಳದ ಚೂರೊಂದನ್ನು ಊರಿನ ಆಚಾರಿಗೆ ಕೊಟ್ಟು, ಬಳೆ ಮಾಡಿಸಿ, ನನ್ನ ಕೈಗೆ ಹಾಕಿಸಿ, ಬಿಚ್ಚಲಾಗದಂತೆ ಅದರ ಬಾಯನ್ನು ಬಡಿಸಿ ಮುಚ್ಚಿಸಿಬಿಟ್ಟಳು. ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲ ಎಂದು ನಂಬಿಕೆ. ಕೈ ಬೆಳೆಯಿತು, ಬಳೆ ಬೆಳೆಯಲಿಲ್ಲ. ಈಗ ಕತ್ತರಿಸದೆ ಬರುವಂತಿಲ್ಲ. ಕತ್ತರಿಸುವ ಮಾತೆತ್ತಿದರೆ ಅಜ್ಜಿ ಅನ್ನ ನೀರು ಬಿಡುತ್ತಾಳೆ. ಕಾಲೇಜಿನಲ್ಲಿ ಎಲ್ಲರೂ ನಗುತ್ತಾರೆಂದು ನಾನು ಉದ್ದ ತೋಳಿನೊಳಗೆ ಮುಚ್ಚಿಟ್ಟುಕೊಂಡಿದ್ದೆ. ಮುಳ್ಳನ್ನು ಎಳೆಯುತ್ತಿರುವುದು ಅದೇ ಎಂದು ನನಗೆ ಹೊಳೆದೇ ಇರಲಿಲ್ಲ. ಮೇಡಂ ಬೈಯಲಿಲ್ಲ, ನಗಲೂ ಇಲ್ಲ. "ಭಾನುವಾರ ನಿಮ್ಮ ಮನೆಗೆ ಬರ್ತೀನಿ" ಎಂದರು.

ಬಂದರು. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸುದ್ದಿ ಮೊದಲೇ ಮುಟ್ಟಿತ್ತು. "ಬಾ ತಾಯಿ, ನಮ್ ಮಗೀನ ಬಳೆ ಕಡ್ಸಾಕ್ ಬಂದ್ಯಾ? ಅದ್ ಮುಟ್ಟುದ್ರೆ ನಾ ಬಾವಿಗ್ ಬೀಳ್ತೀನಿ, ಏಳಿವ್ನಿ" ಎಂದು ಸ್ವಾಗತ ಕೊಟ್ಟಳು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

ಮೇಡಂ ಜಗಲಿಯ ಮೇಲೆ ಕೂತು, ತಾವೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡರು. ಸ್ವಲ್ಪ ಹೊತ್ತು ಸುಲಿದ ಮೇಲೆ ಚೀಲದಿಂದ ಪುಟ್ಟ ದಿಕ್ಸೂಚಿ ತೆಗೆದು ಅಜ್ಜಿಯ ಮುಂದಿಟ್ಟರು. ನನ್ನ ಕೈಯನ್ನು ಅದರ ಹತ್ತಿರ ತಂದರು. ಮುಳ್ಳು ಸರ್ರನೆ ಬಳೆಯ ಕಡೆ ತಿರುಗಿತು. ನೋಡಿ ಅಜ್ಜಿ, ಹೀಗೆ ತೊಂದರೆಯಾಗುತ್ತದೆ ಎಂದು ತಿಳಿಸಬೇಕೆಂದಿದ್ದರು ಪಾಪ.

ಅಜ್ಜಿಯ ಮುಖ ಅರಳಿಹೋಯಿತು. "ಓಯಮ್ಮಾ! ನೋಡ್ದ್ಯಾ? ನಾ ಏಳ್ಲಿಲ್ವಾ? ಎಂಗೆ ಎಳೀತೈತೆ ನೋಡು! ಏನ್ ಸಕ್ತಿ ಐತೆ ನನ್ ಬಳೇಲಿ!" ಎಂದು ಬೀದಿಯವರನ್ನೆಲ್ಲ ಕರೆದಳು. ಪಕ್ಕದ ಮನೆಯಾಕೆ ತನ್ನ ಕೂಸಿಗೂ ಇಂಥದ್ದೊಂದು ಮಾಡಿಸಬೇಕೆಂದು ಅಲ್ಲೇ ತೀರ್ಮಾನ ಮಾಡಿದಳು.

ಮೇಡಂ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೌದು ಅಜ್ಜಿ, ಶಕ್ತಿ ಇದೆ. ನನ್ನ ಕಷ್ಟವೇ ಅದು" ಎಂದರು. ಬಳೆ ತೆಗೆಸುವ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ಹೇಳಿದರು: "ನಮ್ಮಪ್ಪ ಗಣಿ ಶಾಫ್ಟ್ ಇಳಿಯೋಕೆ ಮುಂಚೆ ಅಮ್ಮ ತಾಯತ ಕಟ್ಟೋರು. ಅಪ್ಪ ವಾಪಸ್ ಬಂದಿದ್ದು ಅದರಿಂದಾನಾ, ನನಗೆ ಗೊತ್ತಿಲ್ಲ. ಆದ್ರೆ ಅದನ್ನ ಕಟ್ಟಿದ ದಿನ ಅಮ್ಮ ಊಟ ಮಾಡೋರು. ನಿಮ್ಮ ಅಜ್ಜಿ ಊಟ ಮಾಡಲಿ ಕಣ್ಣು. ನಾವು ಬೇರೆ ದಾರಿ ನೋಡೋಣ."

ಆ ಬೇರೆ ದಾರಿ ಎಂದರೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಕಾಂತ ಸರಿಸುವುದು, ಗಾಜು ತಟ್ಟುವುದು, ಬರೆಯುವುದು ಎಲ್ಲ ಬಲಗೈ ಒಂದರಲ್ಲೇ. ಅಯ್ಯೋ, ಎಷ್ಟು ಪಾಡುಪಟ್ಟೆ! ಕೈ ತಾನೇ ಮುಂದಕ್ಕೆ ಬರುತ್ತಿತ್ತು. ಬಂದಾಗಲೆಲ್ಲ ಮೇಡಂ ಹಿಂದಿನಿಂದ "ಕೈ!" ಎನ್ನುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ತಮ್ಮ ರೈಲನ್ನು ತಪ್ಪಿಸಿಕೊಂಡು ಕಲಿಸಿದರು. ಮನೆಯಲ್ಲಿ ಹಾಲು ಕಾಯಿಸುವಾಗಲೂ ನಾನು ಒಂದೇ ಕೈ ಬಳಸುವುದನ್ನು ನೋಡಿ ಅಮ್ಮನಿಗೆ ಗಾಬರಿಯಾಗಿತ್ತು.

ಪರೀಕ್ಷೆಯ ದಿನ ನನಗೆ ಬಂದದ್ದು ಅದೇ ಪ್ರಯೋಗ. ಬೇರೆ ಊರಿನಿಂದ ಬಂದ ಪರೀಕ್ಷಕರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಏನಮ್ಮಾ, ಆ ಕೈಯಲ್ಲಿ ಏನು ಬಚ್ಚಿಟ್ಟಿದ್ದೀಯ? ಚೀಟಿನಾ?" ಎಂದರು. ಇಡೀ ಲ್ಯಾಬು ನನ್ನ ಕಡೆ ತಿರುಗಿತು. ಮೇಡಂ ಬಾಗಿಲ ಹತ್ತಿರವೇ ನಿಂತಿದ್ದರು. ಒಂದು ಮಾತು ಆಡಬಾರದೇ ಎಂದು ನೋಡಿದೆ. ಆಡಲಿಲ್ಲ.

"ಚೀಟಿ ಅಲ್ಲ ಸಾರ್, ಕಬ್ಬಿಣ" ಎಂದೆ. ತೋಳು ಸರಿಸಿ ಬಳೆ ತೋರಿಸಿದೆ. ಕೈಯನ್ನು ಮುಂದೆ ತಂದೆ, ಮುಳ್ಳು ತಿರುಗಿತು. ಹಿಂದೆ ಒಯ್ದೆ, ನೆಟ್ಟಗಾಯಿತು. "ಇದು ಹತ್ತಿರ ಇದ್ದರೆ ಕಾಂತದ ಜೊತೆ ಬಳೆಯೂ ಸೇರಿ ಮುಳ್ಳನ್ನು ತಿರುಗಿಸುತ್ತೆ ಸಾರ್. ಬಳೆ ಬಿಚ್ಚೋಕಾಗಲ್ಲ, ಅದಕ್ಕೇ ಕೈಯನ್ನ ದೂರ ಇಟ್ಟಿದ್ದೀನಿ." ಅವರು ಕನ್ನಡಕ ತೆಗೆದು ಒರೆಸಿದರು. ಬಾಯಿ ಪರೀಕ್ಷೆಯಲ್ಲಿ ಬೇರೇನೂ ಕೇಳಲಿಲ್ಲ.

ಹೊರಗೆ ಬಂದವಳೇ ಮೇಡಂ ಮೇಲೆ ಹರಿಹಾಯ್ದೆ, ಯಾಕೆ ಸುಮ್ಮನಿದ್ದಿರಿ ಎಂದು. "ನಾನು ಹೇಳಿದ್ರೆ ಶಿಫಾರಸು ಆಗೋದು. ನೀನು ಹೇಳಿದ್ದಕ್ಕೆ ಉತ್ತರ ಆಯ್ತು" ಎಂದು, ಮೊರದಿಂದ ನನ್ನ ದೊಡ್ಡ ಪಿನ್ನನ್ನು ಹುಡುಕಿ ಕೈಗಿಟ್ಟರು.

ಪಾಸಾದೆ. ಮುಂದೆಯೂ ಓದಿದೆ. ಕೆಲಸ ಸಿಕ್ಕಿದ ದಿನ ಅಜ್ಜಿ ತಾನೇ ಆಚಾರಿಗೆ ಹೇಳಿ ಕಳಿಸಿದಳು. "ಕಡ್ದಾಕ್ಬುಡಪ್ಪ. ಇನ್ ಇವಳ್ನ ಕಾಯಾಕೆ ಆ ಮೇಡಮ್ಮ ಅವ್ಳೆ" ಎಂದಳು. ಈ ಮಾತನ್ನು ನಾನು ಮೇಡಂಗೆ ಹೋಗಿ ಹೇಳಿದೆ. "ಅಷ್ಟು ದೊಡ್ಡ ಕೆಲಸಾನಾ ನನಗೆ ಕೊಟ್ಟಿದ್ದು ಅಜ್ಜಿ?" ಎಂದರು, ಅಷ್ಟೇ.

ಈಗ ನನ್ನದು ಭೂಮಿಯ ಕಾಂತಕ್ಷೇತ್ರ ಅಳೆಯುವ ಕೆಲಸ. ಕೋಲಿನ ತುದಿಗೆ ಕಟ್ಟಿದ ಹೊಸ ಕಾಲದ ಕಾಂತಮಾಪಕ ಹಿಡಿದು ಹೊಲ, ಗುಡ್ಡ ಸುತ್ತುತ್ತೇನೆ. ಅಂಕಿ ತಾನೇ ಪರದೆಯ ಮೇಲೆ ಬರುತ್ತದೆ, ತಟ್ಟಲು ಗಾಜಿಲ್ಲ. ಆದರೂ ಓದುವಾಗ ನನ್ನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ. ಜೊತೆಯವರು "ಮೇಡಂ ಪರೇಡಿಗೆ ಹೊರಟರು" ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ನನ್ನ ಅನ್ನದ ಋಣ ಇರುವುದೇ ಆ ಕೈಯ ಮೇಲೆ.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ಬಂದ ಕೂಡಲೇ ಚಾಂಪಿಯನ್ ರೀಫ್ಸ್‌ಗೆ ಓಡಿದೆ. ಮನೆ ಮುಂದಿನ ಪೆಂಡಾಲಿನ ಕೆಳಗೆ ಮಲಗಿಸಿದ್ದರು. ಹಳದಿ ರೇಷ್ಮೆ ಸೀರೆ. ಸೆರಗು ಜಾರದಿರಲೆಂದು ಯಾರೋ ಭುಜಕ್ಕೆ ದೊಡ್ಡದೊಂದು ಪಿನ್ನು ಚುಚ್ಚಿದ್ದರು. ಅದನ್ನು ನೋಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಅವರ ತಂಗಿಯನ್ನು ಸೂಜಿ ದಾರ ಕೇಳಿದೆ. "ಯಾವ ದಾರಮ್ಮಾ?" ಎಂದರು. ನೀಲಿ ಎಂದೆ. ಅವರಿಗೆ ತಿಳಿಯಿತು, ಒಳಗಿನಿಂದ ತಂದುಕೊಟ್ಟರು. ಪಿನ್ನು ಬಿಚ್ಚಿ ಪಕ್ಕಕ್ಕಿಟ್ಟು ಬಗ್ಗಿದೆ. ಎಡಗೈ ಆಗಲೇ ಬೆನ್ನ ಹಿಂದೆ ಹೋಗಿತ್ತು. ಅದನ್ನು ಮುಂದಕ್ಕೆ ತಂದು ನೆರಿಗೆ ಹಿಡಿದೆ. ಎರಡು ಹೊಲಿಗೆ ಹಾಕಿದೆ.