ಸ್ಟುಲ್ಟುಸ್ ನರ್ಸರಿ

ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿದವನು ನಾನು. ನನಗೆ ಬರುವ ಲ್ಯಾಟಿನ್ ಗಿಡಮರಗಳ ಹೆಸರಿನಷ್ಟು, ಅದರ ಮೇಲೆ ಒಂದು ಹಳೇ ನಿಘಂಟು ತಿರುವಿ ಹಾಕಿದಷ್ಟು. ನಿವೃತ್ತಿಯಾದ ಮೇಲೆ ಅದರಲ್ಲಿ ಮುಕ್ಕಾಲು ಮರೆತೂ ಹೋಗಿದೆ. ಒಂದು ಪದ ಮಾತ್ರ ಹೋಗುವುದಿಲ್ಲ: ಸ್ಟುಲ್ಟುಸ್. ದಡ್ಡ ಅಂತ ಅರ್ಥ. ಆ ಪದವನ್ನು ನಾನು ಒಬ್ಬ ಮನುಷ್ಯನಿಗೆ ಹೆಸರು ಅಂತ ಕೊಟ್ಟೆ, ಅವನು ಅದನ್ನು ಬೋರ್ಡು ಬರೆಸಿ ಹೈವೇಗೆ ಕಾಣುವ ಹಾಗೆ ತೂಗುಹಾಕಿಕೊಂಡ. ಥೂ, ನನ್ನ ಜನ್ಮಕ್ಕಿಷ್ಟು!

ಪದದ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ನಮ್ಮಲ್ಲಿ ದಡ್ಡ, ಪೆದ್ದ, ಬೆಪ್ಪ, ಮಂಕ ಎಲ್ಲ ಒಂದೇ ಅಲ್ಲವಲ್ಲ, ಬೈಯುವವನಿಗೆ ಯಾವುದನ್ನು ಎಲ್ಲಿ ಬಳಸಬೇಕೆಂದು ಗೊತ್ತಿರುತ್ತದೆ. ಲ್ಯಾಟಿನ್‌ನಲ್ಲೂ ಹಾಗೇ. ಫಾಟುವುಸ್ ಅಂದರೆ ಸಪ್ಪೆ. ರುಚಿಯಿಲ್ಲದ ಸೊಪ್ಪಿಗೂ ಹೇಳುತ್ತಿದ್ದರು, ತಲೆಯಿಲ್ಲದವನಿಗೂ ಹೇಳುತ್ತಿದ್ದರು. ಹೊಲದಲ್ಲಿ ಕಳೆಯಾಗಿ ಬೆಳೆಯುವ ಕಾಡು ಓಟ್ಸ್ ಗಿಡದ ಹೆಸರಿನಲ್ಲಿ ಅದೇ ಪದ ಫಾಟುವಾ ಆಗಿ ಕೂತಿದೆ. ಸ್ಟೊಲಿಡುಸ್ ಅಂದರೆ ಎಷ್ಟು ಹೇಳಿದರೂ ಅಲ್ಲಾಡದ ಮಂದ. ಸ್ಟುಲ್ಟುಸ್ ಮಾತ್ರ ಹಿಂದುಮುಂದು ನೋಡದೆ ಮಾತಾಡುವವನು, ಯೋಚನೆಯಿಲ್ಲದೆ ನಡೆಯುವವನು. ಗಂಡಾದರೆ ಸ್ಟುಲ್ಟುಸ್, ಹೆಣ್ಣಾದರೆ ಸ್ಟುಲ್ಟಾ. 'ನೋಡ್ರಪ್ಪಾ, ದಡ್ಡತನಕ್ಕೂ ಲಿಂಗ ಉಂಟು' ಅಂತ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳಿ ನಾನೇ ಮೊದಲು ನಗುತ್ತಿದ್ದೆ.

ನಮ್ಮ ಲ್ಯಾಬಿಗೆ ಒಬ್ಬ ಅಟೆಂಡರ್ ಇದ್ದ. ಹೊಣಕೆರೆ ಕಡೆಯವನು, ಬೇಸಾಯದ ಮನೆತನ, ನನಗಿಂತ ಎರಡು ವರ್ಷ ಚಿಕ್ಕವನು. ಹತ್ತನೇ ಕ್ಲಾಸು ದಾಟಿರಲಿಲ್ಲ. ಆದರೆ ಗಿಡದ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪ್ರಾಕ್ಟಿಕಲ್‌ಗೆ ಇಂಥ ಗಿಡ ಬೇಕು ಅಂದರೆ ಬೆಳಗಿನ ಬಸ್ಸಿನಿಂದ ಇಳಿಯುವಾಗಲೇ ಕಂಕುಳಲ್ಲಿ ಕಟ್ಟು ಇರುತ್ತಿತ್ತು, ಬೇರಿನ ಮಣ್ಣು ಸಮೇತ. ನಾನು ಲ್ಯಾಟಿನ್ ಹೆಸರು ಹೇಳುತ್ತಿದ್ದೆ, ಅವನು ಊರಿನ ಹೆಸರು ಹೇಳುತ್ತಿದ್ದ. ಇಬ್ಬರೂ ಸೇರಿ ಒಳ್ಳೇ ಹರ್ಬೇರಿಯಂ ಮಾಡಿದ್ದೆವು. ಒಣಗಿಸಿದ ಗಿಡಗಳನ್ನು ಹಾಳೆಗೆ ಹೊಲಿದು ಚೀಟಿ ಅಂಟಿಸುವ ಕೆಲಸ ಅದು. ಹೊಲಿಗೆ ಅವನದು, ಚೀಟಿ ನನ್ನದು.

ಒಂದು ವರ್ಷ ಹುಡುಗರನ್ನು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದೆವು. ಬೆಟ್ಟ ಹತ್ತಿ ಇಳಿದು ಸುಸ್ತಾಗಿತ್ತು, ಹೊಟ್ಟೆ ಹಸಿದಿತ್ತು, ಪುಳಿಯೋಗರೆಯ ಮೇಲೆ ನನ್ನ ಜ್ಞಾನ. ಒಬ್ಬ ಹುಡುಗಿ ಕಾಲ ಬುಡದ ಸಣ್ಣ ಗಿಡ ತೋರಿಸಿ ಏನಿದು ಸಾರ್ ಅಂದಳು. ನಾನು ಬಗ್ಗಿಯೂ ನೋಡಲಿಲ್ಲ. "ನೆಲನೆಲ್ಲಿ, ಬರ್ಕೊಳ್ಳಿ" ಅಂದೆ. ಎಲ್ಲರೂ ಬರೆದುಕೊಂಡರು.

ಹಿಂದೆ ನಿಂತಿದ್ದ ಅಟೆಂಡರ್ ಮೆಲ್ಲಗೆ, "ಅಲ್ಲ ಸಾ" ಅಂದ. "ನೆಲನೆಲ್ಲಿಗೆ ಎಲೆ ಅಡೀಲಿ ಸಾಲಾಗಿ ಕಾಯಿರ್ತವೆ. ಇದು ಬ್ಯಾರೆ. ಮುರುದ್ರೆ ಆಲು ಬತ್ತದೆ, ನೋಡಿ." ಕಾಂಡ ಮುರಿದು ತೋರಿಸಿದ. ತುದಿಯಲ್ಲಿ ಬಿಳೀ ಹಾಲು ಜಿನುಗಿತು. ಮೊದಲ ವರ್ಷದ ಹುಡುಗನೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ಹುಡುಗರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಇದು ಸಾ ಅವರ ಪಾಠ, ಸರಿಯಾಗಿರಲಿ ಅನ್ನುವುದಷ್ಟೇ ಅವನ ಮುಖದಲ್ಲಿತ್ತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಲ್ಯಾಬಿನಲ್ಲಿ ಚೀಟಿ ಬರೆಯುತ್ತ ಕೂತಿದ್ದೆ. ಅವನು ದಾರ ಕಡಿಯುತ್ತ, "ಅಲ್ಲಾ ಸಾ, ಕಸಕಡ್ಡೀಗೆಲ್ಲ ಲ್ಯಾಟಿನ್ ಎಸ್ರು ಮಡಗವ್ರೆ, ನಂಗೂ ಒಂದ್ ಕೊಡಿ ಅತ್ಲಾಗೆ" ಅಂತ ತಮಾಷೆ ಮಾಡಿದ. ಒಳಗಿನ ಉರಿ ಆರಿರಲಿಲ್ಲ. ಬಾಯಿಗೆ ಬಂದದ್ದು ಸ್ಟುಲ್ಟುಸ್. "ಅಂಗಂದ್ರೆ ಏನ್ ಸಾ?" ಅಂದ. "ಗಿಡ ಬಲ್ಲವನು" ಅಂದೆ. ಕಣ್ಣು ಕೂಡ ಮಿಟುಕಿಸಲಿಲ್ಲ, ಅಯೋಗ್ಯ ನಾನು. ಒಂದು ಚೀಟಿಯ ಮೇಲೆ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡ. ಸಂಜೆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನಾನೇ ಈ ಕಥೆ ಹೇಳಿದ್ದೆ. ಅಲ್ಲಿಂದಾಚೆಗೆ ಮೇಷ್ಟ್ರುಗಳೆಲ್ಲ "ಏನಪ್ಪಾ ಸ್ಟುಲ್ಟುಸ್, ಟೀ ತಾ" ಅನ್ನುವುದು, ಅವನು ಹೆಮ್ಮೆಯಿಂದ ಓಡುವುದು. ಮೊದಮೊದಲು ನಾನೂ ನಕ್ಕೆ. ಆಮೇಲೆ ನಗು ಬರುವುದು ನಿಂತಿತು, ಆದರೆ ನಿಲ್ಲಿಸ್ರಯ್ಯಾ ಅಂತ ಯಾರಿಗೂ ಹೇಳಲಿಲ್ಲ.

ಇಬ್ಬರೂ ನಿವೃತ್ತರಾದೆವು. ನಾನು ಪಾಂಡವಪುರದಲ್ಲಿ ಮನೆ ಮಾಡಿದೆ. ಅವನು ಶ್ರೀರಂಗಪಟ್ಟಣದ ಹತ್ತಿರ, ನಾಲೆ ಪಕ್ಕದಲ್ಲಿದ್ದ ಅಳಿಯನ ಜಾಗದಲ್ಲಿ ನರ್ಸರಿ ಹಾಕಿದ. ಹೋದ ವರ್ಷ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಂಡೆ. ಹಸಿರು ಬೋರ್ಡು, ಹಳದಿ ಅಕ್ಷರ: ಸ್ಟುಲ್ಟುಸ್ ನರ್ಸರಿ. ಕೆಳಗೆ ಸಣ್ಣದಾಗಿ, ಲ್ಯಾಟಿನ್ ಭಾಷೆಯಲ್ಲಿ ಗಿಡ ಬಲ್ಲವನು ಎಂದರ್ಥ. ಪಕ್ಕದ ಸೀಟಿನವರು ಯಾಕೆ ಸಾರ್, ಹುಷಾರಿಲ್ವಾ ಅಂತ ಕೇಳಿದರು.

ಹೇಳಿಬಿಡಬೇಕು ಅಂತ ನಿಶ್ಚಯ ಮಾಡಿದೆ. ಬೇರೆ ಯಾರೋ ಹೇಳಿ ಅವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಮೊದಲು ನಾನೇ ಹೇಳಬೇಕು, ಯಾಕೆ ಹಾಗೆ ಕರೆದೆ ಅನ್ನುವುದನ್ನೂ ಬಿಚ್ಚಿ ಹೇಳಬೇಕು. ಮೊದಲ ಸಲ ಹೋದಾಗ ಅವನು ಕುರ್ಚಿ ಒರೆಸಿ ಕೂರಿಸಿ, ಗಿರಾಕಿಗಳಿಗೆಲ್ಲ "ಈ ಎಸ್ರು ಮಡಗಿದ್ದೇ ನಮ್ ಸಾವ್ರು" ಅಂತ ತೋರಿಸಿದ. ಎರಡು ಗುಲಾಬಿ ಗಿಡ ತಗೊಂಡು ವಾಪಸ್ ಬಂದೆ. ಎರಡನೇ ಸಲ ಕರಿಬೇವು, ಮೂರನೇ ಸಲ ನಿಂಬೆ. ದುಡ್ಡು ಬೇಡವೇ ಬೇಡ ಅಂತ ಕೈಮುಗಿದ. ತಾರಸಿಯಲ್ಲಿ ಕುಂಡ ಇಡಲು ಜಾಗ ಸಾಲದೆ ಮನೆಯವಳು, "ಇದೇನ್ರೀ, ನಮ್ಮದೂ ನರ್ಸರಿನಾ?" ಅಂತ ರೇಗಿದಳು. ಅವಳಿಗೂ ನಾನು ವಿಷಯ ಹೇಳಿರಲಿಲ್ಲ.

ನಾಲ್ಕನೇ ಸಲ ಹೋದಾಗ ಬೋರ್ಡು ಇರಲಿಲ್ಲ. ಎರಡು ಕಂಬ ಮಾತ್ರ ನಿಂತಿದ್ದವು. ಅವನು ನೆರಳುಬಲೆಯ ಕೆಳಗೆ ಕೂತು ಕಪ್ಪು ಕವರಿಗೆ ಮಣ್ಣು ತುಂಬುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಎಂದಿನ ಹಾಗೆ ಕುರ್ಚಿ ಒರೆಸಿದ.

"ಅಗ್ರಿಕಲ್ಚರ್ ಓದೋ ಐಕ್ಳು ಬಂದಿದ್ರು ಸಾ. ಬೋರ್ಡ್ ನೋಡಿ ಬಿದ್ದೂ ಬಿದ್ದೂ ನಗಾಡುದ್ರು. ಯಾಕ್ರಪ್ಪಾ ಅಂದೆ. ಮೊಬೈಲ್ ತೋರುಸ್ಬುಟ್ರು. ದಡ್ಡ ಅಂತಂತೆ. ದಿಟವಾ ಸಾ?"

"ದಿಟ" ಅಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇನ್ನೊಂದು ಕವರು ತಗೊಂಡು ಮಣ್ಣು ತುಂಬಿದ, ಬೆರಳಲ್ಲಿ ಅದುಮಿದ, ಪಕ್ಕಕ್ಕಿಟ್ಟ.

"ಅಂಗಾರೆ ನಾನು ಏನೋ ತಪ್ ಮಾಡಿರ್ಬೇಕು ಬುಡಿ. ನೀವು ಸುಮ್‌ಸುಮ್ಕೆ ಒಬ್ರುನ್ನ ಅನ್ನೋರಲ್ಲ. ಏನ್ ತಪ್ ಮಾಡಿದ್ದೆ ಸಾ ನಾನು?"

ಹೇಳಬೇಕಾದ ಮಾತು ತುಟಿಯವರೆಗೂ ಬಂದಿತ್ತು. ಏನೂ ಇಲ್ಲ ಕಣಯ್ಯಾ, ಬೆಟ್ಟದ ಮೇಲೆ ನೀನು ಸರಿ ಹೇಳಿದೆ, ನಾನು ತಪ್ಪು ಹೇಳಿದೆ, ಅದು ಸಹಿಸೋಕಾಗದೆ ನಿನ್ನನ್ನ ದಡ್ಡ ಅಂದೆ. ಇಷ್ಟೇ ಮಾತು. ನಾಲ್ಕು ಸಲ ಬಸ್ ಹತ್ತಿ ಬಂದದ್ದೂ ಇದಕ್ಕೇ.

"ನೆನಪಿಲ್ಲಪ್ಪ" ಅಂದೆ.

ಅವನು ತಲೆ ಕೆರೆದುಕೊಂಡ. "ಒಂದ್ಸಲ ಮೈಕ್ರೋಸ್ಕೋಪಿನ ಲೆನ್ಸ್ ಒಡ್ದಾಕಿದ್ದೆ, ಗ್ಯಾಪ್ಕ ಐತಾ? ಅದ್ಕೇ ಇರ್ಬೌದಾ?"

"ಇರಬಹುದು" ಅಂದೆ.

"ಅದೇಯ" ಅಂದ. ಉತ್ತರ ಸಿಕ್ಕಿ ಮುಖ ಸ್ವಲ್ಪ ಹಗುರಾಯಿತು. ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಎರಡೂ ಕೈ ಜೋಡಿಸಿದ. "ತಪ್ಪಾಯ್ತು ಸಾ, ಅವತ್ತು ನಾನು ನೋಡ್ಕಳ್ನಿಲ್ಲ. ಮನ್ಸಲ್ಲಿ ಮಡಿಕೋಬ್ಯಾಡಿ."

ನಾನು ಅವನ ಭುಜ ತಟ್ಟಿ, "ಇರಲಿ ಬಿಡು" ಅಂದೆ.